ಗಿಟಾರಿನ ಜೊತೆ ಅತ್ತದ್ದು

ಸಾವಿನ ಮನೆಗೆ ಹೋಗಲು ನನಗೆ ಬೇಸರವಿಲ್ಲ. ಹೀಗೆ ಹೇಳಿದರೆ ಕೇಳಲು ಚೆನ್ನಾಗಿರುವುದಿಲ್ಲ, ಆದರೂ ನಿಜ. ನಮ್ಮ ನೇಕಾರ ಬೀದಿಯಲ್ಲಿ ಯಾರೇ ಹೋಗಲಿ, ಒಪ್ಪಾರಿ ಹಾಡಿ ಅಳಲು ಮೊದಲು ನನಗೇ ಹೇಳಿಕಳಿಸುತ್ತಾರೆ. ಒಬ್ಬಳು ಸಾಲು ಎತ್ತಿದರೆ ಉಳಿದವರು ಹೆಗಲಿಗೆ ಹೆಗಲು ತಾಗಿಸಿ ಕೂತು ಅದನ್ನು ಹಿಡಿಯಬೇಕು. ಯಾರನ್ನೂ ಒಂಟಿಯಾಗಿ ಅಳಲು ಬಿಡಬಾರದು. ಬಿಟ್ಟರೆ ಆ ಮನೆಗೆ ಜನವಿಲ್ಲ ಎಂದಂತೆ. ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ವಾರಗಿತ್ತಿಯ ಮನೆಗೂ ಹೋಗಿ ಅತ್ತು, ಮಾತಾಡದೆಯೇ ಎದ್ದು ಬಂದವಳು ನಾನು.

ನನ್ನ ಈ ಅಭ್ಯಾಸದಿಂದ ಸೆಂದಿಲನಿಗೆ ಪೇಚಾಯಿತು. ಸೆಂದಿಲ್ ನನ್ನ ತಮ್ಮನ ಮಗ, ಮಗಳು ಸುಮತಿಯ ಗಂಡನೂ ಅವನೇ. ಹಾಗಾಗಿ ಅವನನ್ನು ಬೈಯಲು ನನಗೆ ಎರಡು ಕಡೆಯ ಹಕ್ಕು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ, ಮನೆಗೆ ಬಂದರೆ ಗಿಟಾರ್. ಅವನು ನುಡಿಸುವುದಕ್ಕೆ ಬ್ಲೂಸ್ ಎಂದು ಹೆಸರಂತೆ. ಅಮೆರಿಕದಲ್ಲಿ ಹತ್ತಿ ಬಿಡಿಸುತ್ತಿದ್ದ ಕಪ್ಪು ಜನರ ಸಂಕಟದ ಹಾಡಂತೆ. ಹತ್ತಿಯ ಸಂಕಟ ಕೇಳಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಿದ್ದೆ.

ಗಾಂಧಿಪುರಂ ಹತ್ತಿರ ಜಾನಪದ ಸಂಗೀತದ ಉತ್ಸವ ನಡೆಸುವವರು, ಗಿಟಾರ್ ಜಾನಪದವಲ್ಲ ಎಂದು ಅವನನ್ನು ಎರಡು ಸಲ ಬೇಡವೆಂದಿದ್ದರು. ಈ ಸಲ ಊಟಕ್ಕೆ ಮುಂಚೆ ಹದಿನೈದು ನಿಮಿಷ ಕೊಟ್ಟರು. "ಇದೂ ಸರಿಹೋಗ್ಲಿಲ್ಲಾಂದ್ರೆ ಗಿಟಾರ್ ಮಾರ್ಬುಡ್ತೀನಿ," ಎಂದು ಸುಮತಿಗೆ ಹೇಳಿದ್ದ. ಅವಳು ಬೇಡ ಎನ್ನಲಿಲ್ಲ. ಅದು ಅವನಿಗೆ ಇನ್ನೂ ಚುಚ್ಚಿತು.

ಅವನಿಗಿಂತ ಮುಂಚೆ ಪರೆ ತಮಟೆ ಬಡಿದವರು ಮೈದಾನವನ್ನೇ ಕುಣಿಸಿ ಹೋಗಿದ್ದರು. ಇವನು ಇಂಗ್ಲಿಷಿನಲ್ಲಿ ಒಂದು ಹಾಡು ಮುಗಿಸುವಷ್ಟರಲ್ಲಿ ಜನ ಮಜ್ಜಿಗೆ ಅಂಗಡಿಯ ಕಡೆ ಹೊರಟರು. ಆಮೇಲೆ ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿದ. ಗಿಟಾರ್ ಗಂಟಲು ಕಟ್ಟಿದ ಹೆಂಗಸಿನ ಹಾಗೆ ಕೂಗಿತು. ಅವನು ಸಾಲು ಎತ್ತುತ್ತಾನೆ, ಹಿಡಿಯಲು ಜನವಿಲ್ಲ. ಆ ಮರದ ಡಬ್ಬವೇ ಹಿಡಿಯಬೇಕು. ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಸುಮತಿ ಸೆರಗು ಹಿಡಿಯುವಷ್ಟರಲ್ಲಿ ವೇದಿಕೆ ಹತ್ತಿ ಅವನ ಪಕ್ಕದಲ್ಲಿ ಕಾಲು ಮಡಿಸಿ ಕೂತೆ. ಆದರೆ ಅಳಲು ಸತ್ತವರ ಹೆಸರು ಬೇಕಲ್ಲ.

"ಯಾರ್ಡಾ ಹೋಗಿದ್ದು?" ಎಂದೆ. ಮೈಕು ಅಲ್ಲೇ ಇತ್ತು.

"ಯಾರೂ ಇಲ್ಲ ಅತ್ತೆ. ಕೆಳಗೋಗು."

"ಯಾರೂ ಸಾಯ್ದೆ ಯಾಕ್ಡಾ ಅಳ್ತಿದ್ದೀಯ?"

ನಮ್ಮ ಮನೆಯ ಕನ್ನಡ ಅರ್ಥವಾಗದ ತಮಿಳರೂ ನಕ್ಕರು. ಮಜ್ಜಿಗೆಗೆ ಹೋದವರು ತಿರುಗಿ ಬಂದರು. ಸೆಂದಿಲನ ಮುಖ ಸಣ್ಣದಾಯಿತು, ಬೆರಳು ಮಾತ್ರ ನಿಲ್ಲಲಿಲ್ಲ. "ಅಪ್ಪನ ಮಗ್ಗ ಅಂತ ಇಟ್ಕೋ," ಎಂದ ಮೆಲ್ಲಗೆ.

ಆ ಮಗ್ಗವನ್ನು ಹೋದ ವರ್ಷ ಸೌದೆಗೆ ಒಡೆದಿದ್ದರು. ನನ್ನ ತಮ್ಮನ ಮಂಡಿ, ಕಣ್ಣು ಎರಡನ್ನೂ ತಿಂದ ಮಗ್ಗ, ಹೋದದ್ದೇ ಒಳ್ಳೆಯದು. ಆದರೆ ಒಪ್ಪಾರಿಯಲ್ಲಿ ಸತ್ತವರ ತಪ್ಪು ಎತ್ತುವ ಪದ್ಧತಿಯಿಲ್ಲ. "ಊರಿಗೆಲ್ಲ ಸೀರೆ ಕೊಟ್ಟೆ, ಮೈಮೇಲೊಂದು ನೂಲಿಲ್ದೆ ಹೋದ್ಯಲ್ಲೋ ನನ್ನ ದೊರೆಯೇ" ಎಂದು ಎತ್ತಿದೆ. ಗಿಟಾರ್ ಹಿಡಿದುಕೊಂಡಿತು. ಇನ್ನೊಂದು ಎತ್ತಿದೆ. ಎದುರಿಗೆ ಕೂತಿದ್ದ ಒಬ್ಬ ಮುದುಕಿ ಎದೆ ಬಡಿದುಕೊಂಡಳು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ.

ಇಳಿದಾಗ ಉತ್ಸವದವರು ನನ್ನ ಎರಡೂ ಕೈ ಹಿಡಿದುಕೊಂಡರು. ಮುಂದಿನ ವರ್ಷ ಈ ಪಾಟಿ, ಅಂದರೆ ಅಜ್ಜಿ, ಬರಲೇಬೇಕಂತೆ. ಗಿಟಾರ್ ಹೊತ್ತವನು ಪಕ್ಕದಲ್ಲೇ ನಿಂತಿದ್ದ. ಅವನನ್ನು ಯಾರೂ ಕರೆಯಲಿಲ್ಲ.

ಬಸ್ಸಿನಲ್ಲಿ ಅವನು ಆಡಿದ್ದು ಇಷ್ಟೇ: "ನಂಗೆ ಕೊಟ್ಟಿದ್ದು ಹದಿನೈದ್ ನಿಮಿಷ ಅತ್ತೆ. ಹನ್ನೊಂದು ನೀನೇ ತಿಂದೆ."

ತಪ್ಪಾಯಿತು ಎನ್ನುವುದು ನನಗೆ ಬಾರದ ಮಾತು. ಮರುದಿನ ಸುಮತಿಯಿಂದ ಫೋನು ಹಾಕಿಸಿ ಉತ್ಸವದವರಿಗೆ ಹೇಳಿದೆ: ನಾನು ಬರುವುದಿಲ್ಲ, ಅವನನ್ನು ಕರೆಯಿರಿ, ಆ ಮಗ್ಗ ಅವನಪ್ಪನದು. ಬಹಳ ಹೊತ್ತು ಎಳೆದಾಡಿ ಒಪ್ಪಿದರು. ಗಿಟಾರ್ ಮನೆಯಲ್ಲೇ ಉಳಿಯಿತು.

ಈಗ ಅವನು ಮಹಡಿಯ ಮೇಲೆ ಮಗ್ಗದ ಹಾಡನ್ನು ಒಬ್ಬನೇ ಕೂಡಿಸುತ್ತಿದ್ದಾನೆ. ಎರಡನೆಯ ಸಾಲಿನಲ್ಲಿ ಎಡವುತ್ತಾನೆ. ಇದನ್ನು ಬರೆಯುತ್ತಿರುವಾಗಲೇ ನಾನು ಎರಡು ಸಲ ಎದ್ದು ಮೆಟ್ಟಿಲ ತನಕ ಹೋಗಿ ಬಂದೆ. ಸುಮತಿ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಮೂರನೆಯ ಸಲ ಹೋದಾಗ ಮೊರವನ್ನೂ ಅಡ್ಡ ಇಟ್ಟಿದ್ದಳು.