ನಮ್ಮ ನಡುಮನೆಯಲ್ಲಿ ಹರಿದ ಹೊಳೆ

ಮನೆಗೆ ನೆಂಟರು ಬಂದರೆ ನೀವೇನು ಮಾಡ್ತೀರಿ? ಕಾಫಿ ಕೊಡ್ತೀರಿ. ಗುಬ್ಬಿಯಲ್ಲಿರುವ ನಮ್ಮ ಚಿಕ್ಕಮ್ಮ ಮಾತ್ರ ಬಂದವರನ್ನು ಮೊದಲು ಅಂಗಾತ ಮಲಗಿಸ್ತಾರೆ! "ಕಾಲು ಮೇಲೆ! ಹೆಬ್ಬೆರಳು ಕಾಣ್ಬೇಕು! ಗಾಬರಿ ಬೀಳ್ಬೇಡಿ!" ಅಂತ ವಿಷಲ್ ಊದ್ತಾರೆ. ಕಾಫಿ ಆಮೇಲೆ. ಅದೂ ಪಾಸಾದವರಿಗೆ ಮಾತ್ರ.

ಹೋದ ಭಾನುವಾರ ಈ ಮಹಾತಾಯಿ ತುಮಕೂರಿನ ನಮ್ಮ ಮನೆಗೇ ಬಂದಿಳಿದರು. ನನ್ನ ಮಗಳು ಕಾಲೇಜಿನವರ ಜೊತೆ ರಾಫ್ಟಿಂಗಿಗೆ ಹೋಗಬೇಕಂತೆ. "ಅಜ್ಜಿ ಪಾಸ್ ಮಾಡಿದ್ರೆ ಹೋಗು, ಇಲ್ದಿದ್ರೆ ಇಲ್ಲ" ಅಂದುಬಿಟ್ಟಿದ್ದೆ. ಅಮ್ಮನಾದ ನನಗೂ ಒಳಗೊಳಗೇ ಪುಕಪುಕ.

ಪುಕಪುಕಕ್ಕೆ ಕಾರಣ ದಾಂಡೇಲಿ. ಹೋದ ವರ್ಷ ನಾವೆಲ್ಲ ಅಲ್ಲಿನ ಹೊಳೆಯಲ್ಲಿ ರಾಫ್ಟ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿ, ಹತ್ತಿದ್ದೆವು. ನನಗೆ ಈಜು ಬರಲ್ಲ. ಚಿಕ್ಕಮ್ಮನೋ, ಕುಣಿಗಲ್ ಕೆರೆಯಲ್ಲಿ ಈಜಿ ಬೆಳೆದವರು, ಮೇಲಾಗಿ ರಿಟೈರಾದ ಪಿ.ಟಿ. ಟೀಚರ್! ದಡದಲ್ಲಿ ಗೈಡ್ ಪಾಠ ಹೇಳ್ತಿದ್ದ: "ಬಿದ್ರೆ ಎದ್ದು ನಿಲ್ಬೇಡಿ. ಬಂಡೆ ಸಂದಿಗೆ ಕಾಲು ಸಿಕ್ಕೊಂಡ್ರೆ ಸೆಳವು ಮುಳುಗಿಸಿಬಿಡುತ್ತೆ. ಅಂಗಾತ ತೇಲಿ, ಕಾಲು ಮುಂದಕ್ಕೆ."

"ನಮ್ ಕೆರೇಲಿ ನೆಲ ಸಿಕ್ಕಿದ ತಕ್ಷಣ ನಿಂತ್ಕೊಂತಿದ್ವಪ್ಪಾ."

"ಅದು ಕೆರೆ ಅಮ್ಮಾ, ಇದು ಹೊಳೆ."

"ಸರಿ ಬುಡಪ್ಪಾ, ನಿಲ್ಲಲ್ಲ!"

ಸ್ವಲ್ಪ ದೂರ ಹೋಗಿದ್ದೇ ತಡ, ರಾಫ್ಟ್ ಮಗುಚಿತು. ನಾನು ಅದರಡಿಗೆ ಸಿಕ್ಕಿಕೊಂಡೆ. ಕೆಮ್ಮುತ್ತಾ ಹೊರಗೆ ಬಂದು ನೋಡಿದರೆ, ಚಿಕ್ಕಮ್ಮ ನಡುಹೊಳೆಯಲ್ಲಿ ಎದ್ದು ನಿಂತಿದ್ದಾರೆ! ಮರುಗಳಿಗೆ ಬಂಡೆ ಸಂದಿಗೆ ಕಾಲು ಸಿಕ್ಕಿತು, ನೀರು ಅವರನ್ನು ಮಕಾಡೆ ಕೆಡವಿತು. ಗೈಡ್ ಹಗ್ಗ ಎಸೆದು ಹೇಗೋ ಎಳೆದುಕೊಂಡ. ಹಿಮ್ಮಡಿಯ ಮೂಳೆ ಬಿರುಕು ಬಿಟ್ಟಿತ್ತು. "ಕೆರೆ ಬುದ್ಧಿ ಕಣ್ರೋ, ಎಲ್ಲಿ ಹೋಗುತ್ತೆ!" ಅಂತ ನಮಗಿಂತ ಮೊದಲು ಅವರೇ ನಕ್ಕರು.

ಪ್ಲಾಸ್ಟರ್ ಬಿಚ್ಚುವ ಮೊದಲೇ ಪಾಠ ಶುರುವಾಯಿತು ನೋಡಿ! ಬೆಳ್ಳಾವಿಯ ಬೀಗರು ಮದುವೆಗೆ ಕರೆಯೋಕೆ ಬಂದರೆ ರೇಷ್ಮೆ ಪಂಚೆ ಸಮೇತ ಚಾಪೆ ಮೇಲೆ ಮಲಗಿಸಿದರು.

"ಅಲ್ಲ ಕಣಮ್ಮಾ, ನಮ್ ಬೆಳ್ಳಾವೀಲಿ ಅಂಥಾ ಹೊಳೆ ಎಲ್ಲೈತೆ?"

"ಹೊಳೆ ಇರೋ ಕಡೆಗೆ ನೀವೇ ಹೋಗ್ತೀರಲ್ಲ ಸ್ವಾಮಿ! ಕಾಲು ಮೇಲೆ!"

ಲೈಫ್ ಜಾಕೆಟ್ ಬಿಗಿಯಾಗಿರಬೇಕು, ಅದರ ಭುಜ ಹಿಡಿದು ಮೇಲಕ್ಕೆಳೆದರೆ ಕಿವಿವರೆಗೆ ಬರಬಾರದು, ಇದು ಇನ್ನೊಂದು ಪಾಠ. ಚಿಕ್ಕಪ್ಪ ವಾಕಿಂಗಿಗೆ ಹೊರಟಾಗಲೆಲ್ಲ ಚಿಕ್ಕಮ್ಮ ಅವರ ಸ್ವೆಟರ್ ಎಳೆದು ನೋಡ್ತಾರೆ. ಪಾಪ, ಚಿಕ್ಕಪ್ಪ ಈಗ ಚಳಿಯಲ್ಲೂ ಬರೀ ಶರ್ಟಿನಲ್ಲೇ ಓಡಾಡ್ತಾರೆ.

ಇಂಥವರ ಮುಂದೆ ನನ್ನ ಮಗಳು ಮಲಗಿದಳು. ಕಾಲು ಎತ್ತಿದಳು. ಬಟ್ಟೆ ಒಣಹಾಕುವ ಹಗ್ಗ ಎಸೆದರೆ ಎದೆಗವಚಿ ಹಿಡಿದಳು. ಎಲ್ಲ ಸರಿ! ನಾನು ಕಾಫಿಗೆ ಹಾಲಿಡಲು ಎದ್ದೆ.

"ಕೊನೇದು. ರಾಫ್ಟ್ ಮಗುಚ್ತು. ನಿಮ್ಮಮ್ಮ ಕಾಣ್ತಿಲ್ಲ. ಏನ್ ಮಾಡ್ತೀಯಾ?"

ಮಗಳು ದಡಕ್ಕನೆ ಎದ್ದು ನಿಂತಳು. "ಹುಡುಕ್ತೀನಿ!"

ವಿಷಲ್ ಕಿವಿ ತೂತಾಗುವಂತೆ ಕೂಗಿತು. "ಫೇಲ್!"

"ಅದ್ಹೆಂಗಜ್ಜಿ ಫೇಲು? ನೀವೂ ನಿಂತಿದ್ರಲ್ಲ! ಗೈಡ್ ಅಷ್ಟು ಹೇಳಿದ್ರೂ ಯಾಕ್ ನಿಂತ್ರಿ?"

ಚಿಕ್ಕಮ್ಮ ವಿಷಲ್ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ನಿಮ್ಮಮ್ಮ ಕಾಣ್ತಿರಲಿಲ್ಲ ಕಣೇ. ಅವಳಿಗೆ ಈಜು ಬರಲ್ವಲ್ಲ."

ನಾನು ಹಾಲಿನ ಪಾತ್ರೆ ಹಿಡಿದೇ ಹತ್ತಿರ ಬಂದೆ. "ಮತ್ತೆ ಕೆರೆ ಬುದ್ಧಿ ಅಂದ್ರಿ?"

"ಇನ್ನೇನನ್ನಲಿ? ನಿನ್ನಿಂದ ಕಾಲು ಮುರೀತು ಅಂತ ನೀನು ಕೊರಗ್ಬೇಕಿತ್ತಾ?" ಎಂದು ರೇಗಿದವರು ಮಗಳ ಕಡೆ ತಿರುಗಿದರು. "ಕೇಳ್ಲೇ. ಗೈಡ್ ಹಗ್ಗ ಎಸೀದೇ ಇದ್ದಿದ್ರೆ ನಾನಿವತ್ತು ಇರ್ತಿರಲಿಲ್ಲ. ಇವಳು ಜಾಕೆಟ್ ಇದ್ದಿದ್ದಕ್ಕೆ ತಾನಾಗೇ ತೇಲಿ ಬಂದಿದ್ಲು. ಅಮ್ಮ ಕಾಣ್ದಿದ್ರೂ ನೀನು ನಿಲ್ಬಾರ್ದು. ಇನ್ನೊಂದ್ಸಲ."

ಮಗಳು ನನ್ನ ಮುಖ ನೋಡುತ್ತಲೇ ಮಲಗಿದಳು. ಮೆಲ್ಲಗೆ ಕಾಲು ಎತ್ತಿದಳು.

"ಪಾಸ್," ಅಂದರು ಚಿಕ್ಕಮ್ಮ. ಆಮೇಲೆ ನನಗೂ ನೆಲ ತೋರಿಸಿದರು. "ನೀನೂ ಮಲಗೇ. ಈಜು ಬರದವಳು."

ಪಾತ್ರೆ ಕೆಳಗಿಟ್ಟು ಮಗಳ ಪಕ್ಕದಲ್ಲಿ ಮಲಗಿ ಕಾಲು ಎತ್ತಿದೆ. ಕಣ್ಣೀರು ನೇರ ಕಿವಿಗೇ ಇಳಿಯಿತು. ಚಿಕ್ಕಮ್ಮ ಈ ಸಲ ವಿಷಲ್ ಊದಲಿಲ್ಲ. ಪಕ್ಕದಲ್ಲೇ ಕೂತು, ಸೆರಗಿನಿಂದ ನನ್ನ ಕಿವಿ ಒರೆಸಿ, "ಗಾಬರಿ ಬೀಳ್ಬೇಡ ಕಣೇ, ಇಲ್ಲೇ ಇದೀನಿ" ಅಂದರು.