ರೇಡಿಯೋ ಅಕ್ಕನಿಗೆ ಸುಮ್ಮನಿರಲು ಕಲಿಸಿದ್ದು

ಶಾಲೆಗೆ ಹೊಸ ಯಂತ್ರ ಬಂತೆಂದರೆ ಅದರ ಬೆನ್ನಿಗೇ ಒಂದಲ್ಲ ಒಂದು ಪ್ರಸಂಗವೂ ಬರುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಅದು ತಪ್ಪಿದ್ದನ್ನು ನಾನು ನೋಡಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ದಾರಿಯಲ್ಲಿದ್ದ ನಮ್ಮ ಎರಡು ಕೋಣೆಯ ಶಾಲೆಗೆ ಒಂದು ರೇಡಿಯೋ ಬಂತು. ದಿನಾ ಅರ್ಧ ಗಂಟೆ ಅದರಲ್ಲೊಬ್ಬಳು ಅಕ್ಕ ಪಾಠ ಹೇಳುತ್ತಿದ್ದಳು. ಮಕ್ಕಳು ಅವಳಿಗೆ ಎಷ್ಟು ಒಲಿದರೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಅವಳ ವಿಳಾಸ ಸಿಕ್ಕಿದರೆ ಮನೆಗೆ ಕರೆದು ಹೊಟ್ಟೆ ತುಂಬ ಕಡುಬು ಬಡಿಸುತ್ತೇನೆ.

೧. ಎರಡೂ ಕೈ ಮೇಲೆ

ಸ್ಟೇಷನ್ ಸಿಗುತ್ತಿದ್ದುದು ಬಿಸಿಯೂಟದ ಅಡುಗೆಕೋಣೆಯ ಕಿಟಕಿಯಲ್ಲಿ ಮಾತ್ರ, ಅದೂ ಯಾರಾದರೂ ಏರಿಯಲ್ ಹಿಡಿದು ನಿಂತರೆ. ಆ ಕೆಲಸ ಅಡುಗೆಯಮ್ಮನ ಪಾಲಿಗೆ ಬಂತು. ಎಡಗೈಯಲ್ಲಿ ಏರಿಯಲ್, ಬಲಗೈಯಲ್ಲಿ ಸಾರಿನ ಸೌಟು. ಮಕ್ಕಳು ಕಿಟಕಿಯಾಚೆ ಸಾಲಾಗಿ ನಿಂತು ಕೇಳುತ್ತಿದ್ದರು. ಒಂದು ಪಾಠವನ್ನೂ ತಪ್ಪಿಸಿಕೊಳ್ಳದವರು ನಮ್ಮ ಶಾಲೆಯಲ್ಲಿ ಅಡುಗೆಯಮ್ಮ ಒಬ್ಬರೇ.

ಒಂದು ದಿನ ಅಕ್ಕ, ಎಲ್ಲರೂ ಎರಡೂ ಕೈ ಮೇಲೆತ್ತಿ ಅಂದಳು. ಅಡುಗೆಯಮ್ಮನೂ ಏರಿಯಲ್ ಬಿಟ್ಟು ಕೈ ಎತ್ತಿದರು. ರೇಡಿಯೋ ಗೊರ್ರೆಂದು ಸುಮ್ಮನಾಯಿತು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿದೆ, ಮಕ್ಕಳ ಕೈಯೆಲ್ಲ ಆಕಾಶದಲ್ಲಿದೆ. ಕೈ ಇಳಿಸಿ ಎಂದು ನಾನು ಹೇಳಿದರೆ ಒಬ್ಬರೂ ಕೇಳುವವರಿಲ್ಲ.

"ಅಕ್ಕಾವ್ರು ಇನ್ನೂ ಹೇಳ್ಲಿಲ್ಲಲ್ಲ ಟೀಚರೇ," ಅಂದರು ಅಡುಗೆಯಮ್ಮ.

೨. ಪುಕ್ಕಟೆ ಶಹಭಾಸ್

ಅಕ್ಕ ಪ್ರಶ್ನೆ ಕೇಳಿ, ಐದು ಎಣಿಸುವಷ್ಟು ಹೊತ್ತು ಕಾದು, ಶಹಭಾಸ್ ಸರಿಯಾಗಿ ಹೇಳಿದಿರಿ ಅನ್ನುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸುತ್ತದೆ ಅಂತಲೇ ಮಕ್ಕಳ ನಂಬಿಕೆ. ಒಂದು ದಿನ ಏಳೆಂಟ್ಲೆ ಎಷ್ಟು ಅಂದಾಗ ಯಾರೂ ಬಾಯಿ ಬಿಡಲಿಲ್ಲ. ಆಗಲೂ ಶಹಭಾಸ್ ಬಂತು. ಅಂದಿನಿಂದ ನಾನು ಮಗ್ಗಿ ಕೇಳಿದಾಗೆಲ್ಲ ಇಡೀ ಕ್ಲಾಸು ಬಾಯಿ ಮುಚ್ಚಿಕೊಂಡು, ಶಹಭಾಸ್‌ಗಾಗಿ ನನ್ನ ಮುಖ ನೋಡತೊಡಗಿತು.

ಅದೇ ಕ್ಲಾಸಿನಲ್ಲಿ ನಿಜವಾಗಿಯೂ ಬಾಯಿ ಬಿಡದ ಒಬ್ಬ ಹುಡುಗಿಯಿದ್ದಳು. ಶಾಲೆಗೆ ಸೇರಿ ಎರಡು ವರ್ಷವಾದರೂ ಒಂದು ಮಾತಾಡಿರಲಿಲ್ಲ. ಮಾತು ಬಾರದ ಮಕ್ಕಳ ಹಾಸ್ಟೆಲ್ ಶಾಲೆಗೆ, ದೂರದ ಚಿಕ್ಕಮಗಳೂರಿಗೆ ಕಳಿಸುವುದೆಂದು ಹೆಡ್ಮೇಷ್ಟ್ರು ಫಾರಂ ತುಂಬಿಟ್ಟಿದ್ದರು. ಇನ್‌ಸ್ಪೆಕ್ಟರ್ ಸಾಹೇಬರ ಸಹಿಯೊಂದು ಬಾಕಿ. ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಅವಳ ತಾಯಿ ಬಂದು ಅತ್ತರು. "ಮನೇಲಿ ಇವಳ ಬಾಯಿ ಮುಚ್ಚಿಸೋದೇ ಕಷ್ಟ. ದೂರ ಕಳಿಸ್ಬೇಡಿ ಟೀಚರೇ." ನಾನೂ ಅವಳ ದನಿ ಕೇಳಿರಲಿಲ್ಲ.

ಆಮೇಲೊಂದು ದಿನ ಕೇಳಿದೆ. ನಿಮ್ಮೂರಲ್ಲಿ ಯಾವ ಮರ ಇದೆ ಎಂದು ರೇಡಿಯೋ ಅಕ್ಕ ಕೇಳಿದಳು. ಹುಡುಗಿ ಉಸಿರು ಎಳೆದುಕೊಂಡಳು, ತುಟಿ ಅಲುಗಿಸಿದಳು. ಅಷ್ಟರಲ್ಲಿ ಅಕ್ಕ ಮುಂದೆ ಹೋಗಿ, ಹಸುವಿಗೆ ಎಷ್ಟು ಕಾಲು ಅನ್ನುತ್ತಿದ್ದಳು. ಹುಡುಗಿ ಮೆಲ್ಲಗೆ, ಹಲಸು ಅಂದಳು. ನನಗೆ ಕುಣಿಯುವ ಹಾಗಾಯಿತು. ಓಡಿ ಹೋಗಿ ಹೆಡ್ಮೇಷ್ಟ್ರಿಗೆ ಹೇಳಿದೆ.

"ಹಸುವಿಗೆ ಹಲಸಿನ ಕಾಲು ಅಂದದ್ದನ್ನ ಮಾತು ಅಂತ ಹೇಗೆ ಬರೀಲಿ ಮಾರಾಯ್ರೇ?" ಅಂದರು ಅವರು.

೩. ಹತ್ತು ಎಣಿಸಿ

ಪಾಠ ತಯಾರಿಸುವವರು ಚಿಕ್ಕಮಗಳೂರಲ್ಲಿ ಮೇಷ್ಟ್ರುಗಳ ಸಭೆ ಕರೆದು, ಇನ್ನೇನು ಸೇರಿಸಬೇಕು ಎಂದು ಕೇಳಿದರು. ಹಾಡು ಸೇರಿಸಿ, ಕತೆ ಸೇರಿಸಿ ಎಂದರು ಉಳಿದವರು. ನಾನು ಎದ್ದು ನಿಂತು, ಏನೂ ಸೇರಿಸಬೇಡಿ, ನಿಮ್ಮ ಅಕ್ಕ ಸ್ವಲ್ಪ ಹೆಚ್ಚು ಹೊತ್ತು ಸುಮ್ಮನಿದ್ದರೆ ಸಾಕು ಅಂದೆ. ಎಲ್ಲರೂ ನಕ್ಕರು. ರೇಡಿಯೋ ಸುಮ್ಮನಿದ್ದರೆ ಕೆಟ್ಟುಹೋಯಿತು ಅಂದುಕೊಳ್ಳುತ್ತಾರೆ ಎಂದು ಪಾಠ ಬರೆಯುವವರೊಬ್ಬರು ವಾದಿಸಿದರು. ನಾನು ಹಲಸಿನ ಕತೆ ಹೇಳಿದೆ. ಅವರು ನಗುವುದು ನಿಲ್ಲಿಸಿ, ಪುಸ್ತಕದಲ್ಲಿ ಐದು ಹೊಡೆದುಹಾಕಿ ಹತ್ತು ಎಂದು ಬರೆದುಕೊಂಡರು. ನಮ್ಮಂಥ ಮೂಲೆ ಶಾಲೆಯ ಟೀಚರ ಮಾತನ್ನು ಹಾಗೆ ಬರೆದುಕೊಂಡವರು ಎಷ್ಟು ಜನ? ಆ ಪುಣ್ಯಾತ್ಮರ ಋಣ ನನ್ನ ಮೇಲೆ ಇನ್ನೂ ಇದೆ.

ಅಕ್ಕ ಹತ್ತು ಎಣಿಸುವಷ್ಟು ಕಾಯುವ ಹೊಸ ಪಾಠಗಳು ಬಂದವು. ಮೊದಲ ದಿನ ಅಕ್ಕ ಪ್ರಶ್ನೆ ಕೇಳಿ ಸುಮ್ಮನಾದಳು. ಆರು, ಏಳು. ಹೆಡ್ಮೇಷ್ಟ್ರು ತಡೆಯಲಾರದೆ ರೇಡಿಯೋ ನೆತ್ತಿಗೆ ಎರಡು ಬಿಗಿದರು. ಶಹಭಾಸ್ ಅಂದಳು ಅಕ್ಕ. ಆಮೇಲೆ ಪ್ರತಿ ಪ್ರಶ್ನೆಗೂ ಹೊಡೆಯುವುದೇ ಅವರ ಕೆಲಸವಾಯಿತು.

"ನೋಡಿ ಟೀಚರೇ, ಎರಡು ಬಿದ್ರೇನೇ ಇದು ಹೊಗಳೋದು."

೪. ಬೀರುವಿನ ಹಿಂದೆ

ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ತಪಾಸಣೆಗೆ ಬಂದರು. ದೊಡ್ಡ ಆಳು, ದೊಡ್ಡ ಮೀಸೆ. ಹುಡುಗಿಯ ಹೆಸರು ಕೇಳಿದರು. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ, ಪ್ರಯೋಜನವಾಗಲಿಲ್ಲ. ಎದುರಿಗೆ ಹೊರಗಿನವರ ಮುಖ ಕಂಡರೆ ಅವಳ ಬಾಯಿಗೆ ಬೀಗ. ಸಾಹೇಬರು ಫಾರಂ ತೆಗೆದುಕೊಂಡು ಪೆನ್ನಿಗೆ ಕೈ ಹಾಕಿದರು. ಆ ಮಗು ತಾಯಿಯನ್ನು ಬಿಟ್ಟು ಹೋಗುವುದು ನನ್ನ ಕಣ್ಣಿಗೆ ಕಟ್ಟಿತು.

"ಸಾರ್, ಒಂದ್ಸಲ ಬೀರು ಹಿಂದೆ ಹೋಗಿ ಕೇಳ್ತೀರಾ? ರೇಡಿಯೋ ಥರ," ಅಂದುಬಿಟ್ಟೆ.

ಸಾಹೇಬರು ನನ್ನನ್ನು ನೋಡಿದರು, ಬೀರುವನ್ನು ನೋಡಿದರು, ಆಮೇಲೆ ಹೊಟ್ಟೆ ಒಳಗೆಳೆದುಕೊಂಡು, ಫಾರಂ ಸಮೇತ ಹಿಂದೆ ತೂರಿಕೊಂಡರು. ದನಿ ಸಣ್ಣ ಮಾಡಿ, ಮಕ್ಕಳೇ, ನಿಮ್ಮ ಮನೇಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಉಳಿದ ಮಕ್ಕಳಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ ನಾನು ಎಣಿಸಿದೆ. ಒಂಬತ್ತಕ್ಕೆ ಹುಡುಗಿ ಬಾಯಿ ಬಿಟ್ಟಳು.

"ಅಮ್ಮ, ಅಜ್ಜಿ, ಎರಡು ಕೋಳಿ."

ಸಾಹೇಬರಿಗೆ ಹುರುಪು ಬಂತು. ಕೋಳಿ ಯಾವ ಬಣ್ಣ, ಮೊಟ್ಟೆ ಯಾರಿಗೆ, ಅಜ್ಜಿ ಬೈತಾರಾ ಎಂದು ಕಾಲು ಗಂಟೆ ಕೇಳಿದರು. ಅವಳು ಎಲ್ಲಕ್ಕೂ ಉತ್ತರ ಹೇಳಿದಳು. ಕೊನೆಗೆ ಅವಳಿಗೇ ಸಾಕಾಯಿತೋ ಏನೋ, ಎದ್ದು ಬಂದು ನನ್ನ ಸೆರಗು ಜಗ್ಗಿ, ಮುಖ ನೋಡಿಯೇ ಹೇಳಿದಳು.

"ಟೀಚರೇ, ರೇಡಿಯೋ ಆಫ್ ಮಾಡಿ. ಸುಮ್ನೆ ಸೆಲ್ಲು ಖರ್ಚಾಗ್ತದೆ."

ಎರಡು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತದು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಬೀರುವಿನ ಹಿಂದಿನಿಂದ ಮೊದಲು ಫಾರಂ ಹರಿಯುವ ಸದ್ದು ಕೇಳಿಸಿತು, ಆಮೇಲೆ ಸಾಹೇಬರು ಬಾಯಲ್ಲೇ ಟಕ್ ಅಂದು ಆಫ್ ಆದರು.