ಥಾವತ್ ಮೇಷ್ಟ್ರ ಆನೆ

ಥಾವತ್ ಮೇಷ್ಟ್ರು ಕಂಪ್ಯೂಟರನ್ನು ಕೇಳಿದ್ದು ಗದ್ದೆ ದಾಟುವ ಒಂದು ಆನೆಯನ್ನು. ಅದು ಧಾರಾಳವಾಗಿಯೇ ಕೊಟ್ಟಿತು. ಎಷ್ಟು ಧಾರಾಳವಾಗಿ ಎಂದು ಮೇಷ್ಟ್ರು ಎಣಿಸಿ ನೋಡಲಿಲ್ಲ. ಬಾಗಿಲಗಲ ಅಚ್ಚು ಹಾಕಿಸಿ, ಥಾಯ್ಲೆಂಡಿನ ಖೋನ್ ಕೇನ್ ಊರಿನ ಪುರಭವನದ ಚಿತ್ರಪ್ರದರ್ಶನದಲ್ಲಿ ನೇತುಹಾಕಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಇದಕ್ಕೆಲ್ಲ ಕಾರಣ ಅವರ ಮಾವ ಬುನ್ಮಾ. ಬೌದ್ಧ ವಿಹಾರಗಳ ಗೋಡೆಗೆ ಚಿತ್ರ ಬರೆದೇ ತಲೆ ನರೆತವರು. ಬೆಳಿಗ್ಗೆ ಗಂಜಿ ಕುಡಿಯುತ್ತ ಮಗಳ ಎದುರೇ ಅಂದಿದ್ದರು: "ಗುಂಡಿ ಒತ್ತೋನು ಲಿಫ್ಟಿನವನು, ಚಿತ್ರಗಾರ ಅಲ್ಲ. ಬಂದು ನೋಡ್ತೀನಿ. ಅಲ್ಲಿಂದ ಕಾಲು ಕೀಳೋಕೆ ಮನಸ್ಸಾಗದಿದ್ರೆ ನೀನೂ ಚಿತ್ರಗಾರ ಅಂತ ಒಪ್ಕೋತೀನಿ."

ಮದುವೆಯಾದಂದಿನಿಂದ ಮೇಷ್ಟ್ರು ಕಾದಿದ್ದದ್ದು ಆ ಒಂದು ಮಾತಿಗೆ.

ಚಿತ್ರದ ಮುಂದೆ ಒಂದು ನೊಣವೂ ನಿಲ್ಲಲಿಲ್ಲ. ಕೊನೆಗೆ ಫ್ಯಾನಿನ ಗಾಳಿಗೆಂದು ಒಳಬಂದ ನೂಡಲ್ಸ್ ಅಂಗಡಿಯ ಲಮ್ಯಾಯ್ ನಿಂತಳು. ನೋಡಿದಳು, ಕೈ ಮುಗಿದಳು, ಓಡಿಹೋಗಿ ಬೀದಿಯನ್ನೇ ಕರೆತಂದಳು. ಮಲ್ಲಿಗೆ ಹಾರ ಬಿತ್ತು. ಮೇಷ್ಟ್ರು ಬೆಣ್ಣೆಯಂತೆ ಕರಗಿದರು. ಅಷ್ಟರಲ್ಲಿ ಆಕೆ ಚೀಲದಿಂದ ಪೌಡರ್ ಡಬ್ಬಿ ತೆಗೆದು ಆನೆಯ ಕಾಲಿಗೆ ತಿಕ್ಕತೊಡಗಿದಳು.

"ಏನ್ ಚಿಕ್ಕಮ್ಮ ಇದು?"

"ಅಂಕಿ ಹುಡುಕ್ತಿದೀನಿ ಮೇಷ್ಟ್ರೇ, ಪೌಡರ್ ತಿಕ್ಕಿದ್ರೆ ಮೂಡುತ್ತೆ. ಐದು ಕಾಲಿನ ಆನೆ ಸುಮ್ನೆ ಕಾಣಿಸ್ಕೊಳುತ್ತಾ? ಇವತ್ತು ಲಾಟರಿ ಡ್ರಾ ಬೇರೆ. ನೀವೂ ಕೊನೇ ಎರಡಂಕಿ ಐವತ್ತೈದು ಇರೋದೇ ತಗೊಳ್ಳಿ."

ಗುಂಪು ಟಿಕೆಟ್ ಮಾರುವವನತ್ತ ಓಡಿತು. ಮೇಷ್ಟ್ರು ಎಣಿಸಿದರು. ಐದೇ. ಮಾವ ಕಂಡರೆ ಈ ಕಾಲಿನ ಮಾತು ಇನ್ನು ಜನ್ಮಪೂರ್ತಿ ಊಟದ ತಟ್ಟೆಗೆ ಬರುತ್ತದೆ. ಪಕ್ಕದ ಕಲಾವಿದನಿಂದ ಹಸಿರು ಬಣ್ಣ ಬೇಡಿ ತಂದು, ಪೌಡರ್ ಒರೆಸಿ, ಹೆಚ್ಚಿನ ಕಾಲಿನ ಮೇಲೆ ಭತ್ತದ ಪೈರು ಬರೆದು ಮುಚ್ಚಿದರು. ಇಡೀ ಚಿತ್ರದಲ್ಲಿ ಅವರ ಕೈ ತಾಗಿದ್ದು ಅಲ್ಲೊಂದೇ ಕಡೆ.

ಮಾವ ಬಂದರು. ಕನ್ನಡಕ ಏರಿಸಿ, ಬಗ್ಗಿ, ಆನೆಯ ಕಾಲುಗಳನ್ನೇ ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಅಳಿಯನ ಬೆನ್ನು ತಟ್ಟಿದರು.

"ನೀನೂ ಚಿತ್ರಗಾರನೇ ಕಣೋ," ಎಂದು ಅವಸರವಾಗಿ ಹೊರಟೇಹೋದರು. ಮೇಷ್ಟ್ರ ಕಣ್ಣು ತುಂಬಿತು.

ಸಂಜೆ ರೇಡಿಯೋ ಐವತ್ತೈದು ಎಂದಿತು. ಲಮ್ಯಾಯ್ ಬೀದಿಗೆಲ್ಲ ಮಾವಿನಹಣ್ಣು, ಅಂಟಕ್ಕಿಯ ಅನ್ನ ಹಂಚಿದಳು. ಮೇಷ್ಟ್ರ ಬಾಗಿಲಲ್ಲಿ ಬುನ್ಮಾ ನಿಂತಿದ್ದರು, ಮುಷ್ಟಿ ತುಂಬ ನಲವತ್ನಾಲ್ಕರ ಟಿಕೆಟ್.

"ಆನೆ ಕಾಲು ನೋಡಿ ಟಿಕೆಟ್ ತಗೊಳ್ಳಿ ಅಂತ ಲಮ್ಯಾಯ್ ಫೋನ್ ಮಾಡಿದ್ಲು. ಎಷ್ಟು ಅಂತ ಹೇಳ್ಬೇಡ, ಕಣ್ಣು ನನಗೂ ಇದೆ ಅಂದೆ. ಎರಡು ಸಲ ಎಣಿಸ್ದೆ."

ಅವರ ನೋಟ ಅಳಿಯನ ಬೆರಳ ಮೇಲಿನ ಹಸಿರು ಬಣ್ಣಕ್ಕೆ ಇಳಿಯಿತು.

"ಯಂತ್ರ ಸರಿಯಾಗೇ ಬರೆದಿತ್ತು. ನೀನು ಕೈಯಾರೆ ಬರೆದಿದ್ದು ಒಂದೇ ಜಾಗ. ಅದನ್ನೇ ಕೆಡಿಸ್ದೆ."